ಇಡೀ ಶಾಲೆ ಒಟ್ಟಾಗಿ ಆಚರಿಸುವ ತಪಸ್ಸುಕಾಲ: ಕಥೋಲಿಕ ಪ್ರಾಥಮಿಕ ಶಾಲೆಗೊಂದು ಮಾರ್ಗದರ್ಶಿ

ಪಾಸ್ಕ ಹಬ್ಬಕ್ಕೆ (ಈಸ್ಟರ್‌ಗೆ) ಸಿದ್ಧವಾಗುವ ಪಶ್ಚಾತ್ತಾಪದ ದಿನಗಳಾದ ತಪಸ್ಸುಕಾಲ (ಲೆಂಟ್) ಕಥೋಲಿಕ ಪ್ರಾಥಮಿಕ ಶಾಲೆಗಳಲ್ಲಿ ಹಳಿತಪ್ಪುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಅದರ ಮೊದಲ ದಿನವಾದ ಬೂದಿ ಬುಧವಾರದಂದು ಎಲ್ಲರ ಹಣೆಗೂ ಬೂದಿ ಬೀಳುತ್ತದೆ, ಗುರುವಾರ ಬೆಳಿಗ್ಗೆಯ ಸ್ನಾನದಲ್ಲಿ ಅದು ತೊಳೆದುಹೋಗುತ್ತದೆ, ಆಮೇಲೆ ಪಾಸ್ಕ ಹಬ್ಬದ ರಜೆಯವರೆಗೆ ಯಾರಿಗೂ ಅದರ ನೆನಪಿರುವುದಿಲ್ಲ, ಇದು ಒಂದು. ವಾರಕ್ಕೊಂದು ಸ್ಪರ್ಧೆ, ತರಗತಿಗೊಂದು ಭಿತ್ತಿಪತ್ರ, ಮೇಲಿಂದ ಮೇಲೆ ಕಾರ್ಯಕ್ರಮ ಎಂದು ಹೇರಿಕೊಂಡು ಮೂರನೆಯ ವಾರದ ಹೊತ್ತಿಗೆ ಶಿಕ್ಷಕರೇ ಬಸವಳಿಯುವುದು ಇನ್ನೊಂದು. ಈ ಎರಡರ ನಡುವೆ ಒಂದು ಹಾದಿಯಿದೆ: ಕೆಲವೇ ಕೆಲವು ಆಚರಣೆಗಳನ್ನು ಆಯ್ದುಕೊಂಡು, ಮುಖ್ಯೋಪಾಧ್ಯಾಯರಿಂದ ಹಿಡಿದು ಒಂದನೇ ತರಗತಿಯ ಮಗುವಿನವರೆಗೆ ಎಲ್ಲರೂ ಸೇರಿ, ಕೊನೆಯ ದಿನದವರೆಗೆ ಬಿಡದೆ ನಡೆಸುವುದು.

ಇದು ಬರೀ ಅನುಕೂಲದ ಮಾತಲ್ಲ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರ ಸಭೆ) ಹೊರಡಿಸಿದ ದೈವಾರಾಧನೆಯ ಸಂವಿಧಾನವು ತನ್ನ 110ನೇ ಪರಿಚ್ಛೇದದಲ್ಲಿ, ತಪಸ್ಸುಕಾಲದ ಪಶ್ಚಾತ್ತಾಪವು ಕೇವಲ ಆಂತರಿಕವೂ ವೈಯಕ್ತಿಕವೂ ಆಗಿರದೆ ಬಾಹ್ಯವೂ ಸಾಮಾಜಿಕವೂ ಆಗಿರಬೇಕೆಂದು ಹೇಳುತ್ತದೆ. ಒಂದೇ ಗಂಟೆಗೆ ಬಂದು, ಒಂದೇ ಅಂಗಳದಲ್ಲಿ ಆಡಿ, ಜಗಳವಾಡಿ, ಮತ್ತೆ ಒಂದೇ ಬೆಂಚಿನಲ್ಲಿ ಕೂರಬೇಕಾದ ಮಕ್ಕಳಿಗಿಂತ ಈ ಮಾತು ಇನ್ಯಾರಿಗೆ ಹೆಚ್ಚು ಸಲ್ಲುತ್ತದೆ?

1. ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಿ

ಪಾಸ್ಕ ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುವುದರಿಂದ ಬೂದಿ ಬುಧವಾರವೂ ಫೆಬ್ರವರಿ 4ರಿಂದ ಮಾರ್ಚ್ 10ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. 2026ರಲ್ಲಿ ಅದು ಫೆಬ್ರವರಿ 18, ಪಾಸ್ಕ ಏಪ್ರಿಲ್ 5; 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಅದರಲ್ಲಿ ಆರು ಭಾನುವಾರಗಳನ್ನು ಕಳೆದರೆ ಪರಂಪರೆಯ 40 ದಿನಗಳು ಸಿಗುತ್ತವೆ. ದೈವಾರಾಧನೆಯ ಲೆಕ್ಕದಲ್ಲಾದರೋ ತಪಸ್ಸುಕಾಲವು ಪಾಸ್ಕದ ಹಿಂದಿನ ಗುರುವಾರ, ಅಂದರೆ ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಗೆ (ಮಾಸ್‌ಗೆ) ಮುನ್ನ ಮುಗಿಯುತ್ತದೆ.

ಶಾಲೆಗೆ ಬೇಕಾದ ಲೆಕ್ಕ ಬೇರೆ. ವಾರಕ್ಕೆ ಐದು ದಿನ ನಡೆಯುವ ಶಾಲೆಗೆ ಬೂದಿ ಬುಧವಾರದಿಂದ ಪವಿತ್ರ ಗುರುವಾರದವರೆಗೆ ಸಿಗುವುದು ಹೆಚ್ಚೆಂದರೆ 32 ದಿನ. ಪಾಸ್ಕಕ್ಕೆ ಮುಂಚಿನ ಪವಿತ್ರ ವಾರಕ್ಕೆ ರಜೆ ಕೊಡುವ ಶಾಲೆಗೆ 28. ಈ ಅಂಕಿ ಕಣ್ಣಮುಂದಿದ್ದರೆ ಯೋಜನೆಗೆ ತಾನಾಗಿಯೇ ಲಗಾಮು ಬೀಳುತ್ತದೆ. ಇದೇ ದಿನಗಳಲ್ಲಿ ಪರೀಕ್ಷೆ, ಪ್ರವಾಸ, ಆಟೋಟಗಳೂ ಇದ್ದರೆ ಅವನ್ನೂ ಗುರುತು ಹಾಕಿ. ಮಾರ್ಚ್ 19ರ ಸಂತ ಜೋಸೆಫರ ಹಬ್ಬ ಮತ್ತು ಮಾರ್ಚ್ 25ರ ಮಂಗಳವಾರ್ತೆಯ ಹಬ್ಬ ಸಾಮಾನ್ಯವಾಗಿ ತಪಸ್ಸುಕಾಲದೊಳಗೇ ಬರುತ್ತವೆ. ತಪಸ್ಸುಕಾಲದಲ್ಲಿ ಸಾಮಾನ್ಯವಾಗಿ ಬಿಡುವ ಮಹಿಮಾಗೀತೆಯನ್ನು (ಗ್ಲೋರಿಯಾ) ಆ ದಿನಗಳ ಬಲಿಪೂಜೆಯಲ್ಲಿ ಹಾಡಬಹುದು, ಪೀಠಕ್ಕೆ ಹೂ ಇಡಬಹುದು.

ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳಿಗೆ, ಅಂದರೆ ಪಾದ್ರಿಗಳಿಗೆ, ವರ್ಷದಲ್ಲೇ ಅತ್ಯಂತ ಬಿಡುವಿಲ್ಲದ ಕಾಲವಿದು. ಬೂದಿ ಬುಧವಾರ, ಪಾಪನಿವೇದನೆ, ಶಾಲೆಯ ಬಲಿಪೂಜೆ ಈ ಮೂರಕ್ಕೂ ದಿನ ಮತ್ತು ಗಂಟೆಯನ್ನು ಒಂದು ತಿಂಗಳು ಮುಂಚೆಯೇ ಕೇಳಿ ನಿಗದಿ ಮಾಡಿಕೊಳ್ಳಿ. ಹಿಂದಿನ ವಾರ ಫೋನ್ ಮಾಡಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಯಾರಿಗೂ ಒಳ್ಳೆಯದಲ್ಲ.

2. ಒಂದೇ ಪುಟದ ಯೋಜನೆ

ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರು ಕಂಬಗಳ ಮೇಲೆ ತಪಸ್ಸುಕಾಲ ನಿಂತಿದೆ. ಪ್ರತಿಯೊಂದಕ್ಕೂ ಇಡೀ ಶಾಲೆಗೆ ಅನ್ವಯಿಸುವ ಒಂದೊಂದೇ ಆಚರಣೆಯನ್ನು ಆರಿಸಿ. ಉದಾಹರಣೆಗೆ, ದಿನದ ಮೊದಲ ಪಾಠಕ್ಕೆ ಮುನ್ನ ಎಲ್ಲ ತರಗತಿಗಳಲ್ಲೂ ಒಂದು ನಿಮಿಷದ ಮೌನ. ಶುಕ್ರವಾರ ಒಂದು ಸಣ್ಣ ತ್ಯಾಗ. ಒಂದೇ ಒಂದು ಉದ್ದೇಶಕ್ಕೆ ಸಂಗ್ರಹ. ಇದಿಷ್ಟು ಒಂದು ಪುಟದಲ್ಲಿ ಹಿಡಿಸದಿದ್ದರೆ ಯೋಜನೆ ದೊಡ್ಡದಾಗಿದೆ ಎಂದೇ ಅರ್ಥ.

ಈ ಪುಟವನ್ನು ಚರ್ಚಿಸುವ ಸಭೆಗೆ ಶಿಕ್ಷಕರನ್ನು ಮಾತ್ರ ಕರೆಯಬೇಡಿ. ಕಚೇರಿಯ ಗುಮಾಸ್ತರು, ಅಡುಗೆಯವರು, ಗೇಟಿನ ಬಳಿ ನಿಲ್ಲುವವರು, ಶೌಚಾಲಯ ತೊಳೆಯುವವರು, ಇವರೆಲ್ಲರೂ ಮಕ್ಕಳ ಕಣ್ಣಿಗೆ ಶಾಲೆಯೇ. ಒಂದು ನಿಮಿಷದ ಮೌನದಲ್ಲಿ ಕಾರಿಡಾರಿನಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದವರೂ ನಿಂತರೆ, ಕಿಟಕಿಯಿಂದ ಅದನ್ನು ನೋಡಿದ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪೋಷಕರಿಗೆ ಬರೆಯುವ ಪತ್ರವೂ ಒಂದು ಪುಟ ಮೀರದಿರಲಿ. ಏನು ಮಾಡುತ್ತೇವೆ, ಯಾವ ದಿನ, ಮನೆಯಿಂದ ಏನನ್ನು ನಿರೀಕ್ಷಿಸುತ್ತೇವೆ, ಏನನ್ನು ನಿರೀಕ್ಷಿಸುವುದಿಲ್ಲ ಎಂಬ ನಾಲ್ಕು ಸಂಗತಿಗಳಿದ್ದರೆ ಸಾಕು, ಕೊನೆಯದೇ ಬಹುಮುಖ್ಯ. ಬೇರೆ ಧರ್ಮದ ಅಥವಾ ಬೇರೆ ಕ್ರೈಸ್ತ ಪಂಥದ ಮನೆಗಳ ಮಕ್ಕಳಿರುವ ಶಾಲೆಯಾದರೆ, ಬೂದಿ ಹಚ್ಚಿಸಿಕೊಳ್ಳುವುದು ಐಚ್ಛಿಕವೆಂದೂ ಬೇಡವೆನ್ನುವ ಮಗುವನ್ನು ಯಾರೂ ಪ್ರತ್ಯೇಕವಾಗಿ ಕೂರಿಸುವುದಿಲ್ಲವೆಂದೂ ಪತ್ರದಲ್ಲೇ ಸ್ಪಷ್ಟವಾಗಿ ಬರೆದುಬಿಡಿ.

3. ಬೂದಿ ಬುಧವಾರ ಮತ್ತು ಅದರ ಮುನ್ನಾದಿನ

ತಪಸ್ಸುಕಾಲದುದ್ದಕ್ಕೂ ಧರ್ಮಸಭೆ ತನ್ನ ಆರಾಧನೆಯಲ್ಲಿ ದೇವರ ಸ್ತುತಿಯ ‘ಅಲ್ಲೆಲೂಯ’ ಎಂಬ ಪದವನ್ನು ಉಚ್ಚರಿಸುವುದಿಲ್ಲ. ಇದನ್ನು ಮಕ್ಕಳಿಗೆ ಮನಗಾಣಿಸಲು ಹಳೆಯ ಸಂಪ್ರದಾಯವೊಂದು ಇಂದಿಗೂ ಚೆನ್ನಾಗಿ ಒದಗುತ್ತದೆ. ಮಂಗಳವಾರ ಮಧ್ಯಾಹ್ನ ಪ್ರತಿ ತರಗತಿಯೂ ಒಂದು ಉದ್ದನೆಯ ಕಾಗದದ ಪಟ್ಟಿಯಲ್ಲಿ ಆ ಪದವನ್ನು ಬಣ್ಣಬಣ್ಣದಲ್ಲಿ ಬರೆಯಲಿ. ಎಲ್ಲವನ್ನೂ ಸುರುಳಿ ಸುತ್ತಿ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಕೊನೆಯ ಬಾರಿಗೆ ಗಟ್ಟಿಯಾಗಿ ಅಲ್ಲೆಲೂಯ ಹಾಡಿ, ಅಂಗಳದ ಮೂಲೆಯಲ್ಲಿ ಹೂತುಬಿಡಿ. ಮಣ್ಣಿನ ಅಂಗಳವಿಲ್ಲದಿದ್ದರೆ ಬೀರುವಿನಲ್ಲಿಟ್ಟು ಬೀಗ ಹಾಕಿದರೂ ನಡೆಯುತ್ತದೆ. ಪೆಟ್ಟಿಗೆಯನ್ನು ಮೊದಲು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಲು ಮರೆಯದಿರಿ, ಇಲ್ಲದಿದ್ದರೆ ಏಳು ವಾರದ ಬಳಿಕ ಸಿಗುವುದು ಬರೀ ಬಣ್ಣದ ಮುದ್ದೆ.

ಬೂದಿ ಬರುವುದು ಹಿಂದಿನ ವರ್ಷದ ಗರಿಗಳ ಭಾನುವಾರದಂದು (ಪಾಸ್ಕದ ಹಿಂದಿನ ಭಾನುವಾರ) ಆಶೀರ್ವದಿಸಿದ ಗರಿಗಳಿಂದ. ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಒಣಗರಿಗಳನ್ನು ತರುವಂತೆ ಎರಡು ವಾರ ಮುಂಚೆಯೇ ಮಕ್ಕಳಿಗೆ ಹೇಳಿದರೆ, ಹಣೆಯ ಮೇಲಿನ ಕಪ್ಪು ಗುರುತು ತಮ್ಮದೇ ಮನೆಯಿಂದ ಬಂದದ್ದೆಂದು ಅವರಿಗೆ ಗೊತ್ತಾಗುತ್ತದೆ. ಸುಡುವುದು ದೊಡ್ಡವರ ಕೆಲಸ: ಗಾಳಿಯಿಲ್ಲದ ಹೊತ್ತಿನಲ್ಲಿ, ಹೊರಗೆ, ಲೋಹದ ಡಬ್ಬಿಯಲ್ಲಿ ಸುಟ್ಟು, ಪೂರ್ತಿ ಆರಿದ ಮೇಲೆ ಪುಡಿಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನಾರು ಉಳಿದರೆ ಹಣೆಗೆ ಚುಚ್ಚುತ್ತದೆ. ಇನ್ನೊಂದು ಎಚ್ಚರಿಕೆ ಅಗತ್ಯ. ಬೂದಿ ಚೆನ್ನಾಗಿ ಅಂಟಲೆಂದು ನೀರು ಬೆರೆಸಿದರೆ ಅದು ಕ್ಷಾರವಾಗಿ, ಎಳೆಯ ಚರ್ಮ ಉರಿಯುವ, ಕೆಲವೊಮ್ಮೆ ಸುಡುವ ಸಾಧ್ಯತೆಯೂ ಇದೆ. ಒಣಬೂದಿಯನ್ನೇ ಬಳಸಿ, ತೀರಾ ಬೇಕಿದ್ದರೆ ಒಂದೆರಡು ತೊಟ್ಟು ಅಡುಗೆ ಎಣ್ಣೆ ಸಾಕು.

ಬೂದಿಯನ್ನು ಆಶೀರ್ವದಿಸುವುದು ಗುರುಗಳ ಅಥವಾ ಡೀಕನರ (ಗುರುಗಳಿಗಿಂತ ಕೆಳಗಿನ ದೀಕ್ಷಿತ ಸೇವಕರ) ಕೆಲಸವಾದರೂ, ಹಚ್ಚುವುದಕ್ಕೆ ಶಿಕ್ಷಕರು ನೆರವಾಗಬಹುದು. ಬಲಿಪೂಜೆಯೇ ಆಗಬೇಕೆಂದಿಲ್ಲ, ದೇವರ ವಾಕ್ಯದ ವಿಧಿಯೊಂದಿಗೂ ಇದನ್ನು ನಡೆಸಬಹುದು. ಚಿಕ್ಕ ತರಗತಿಗಳಿಗೆ ಹಚ್ಚುವವರು ಮೊಣಕಾಲೂರಿ ಕುಳಿತರೆ ಒಳ್ಳೆಯದು, ಏಕೆಂದರೆ ಮೇಲಿನಿಂದ ಕೈಚಾಚಿದಾಗ ಪುಡಿ ನೇರವಾಗಿ ರೆಪ್ಪೆಯ ಮೇಲೆ ಉದುರುತ್ತದೆ. ಎಡಗೈಯಿಂದ ಮುಂಗೂದಲನ್ನು ಮೇಲೆತ್ತಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹೆಬ್ಬೆರಳಿನಿಂದ ಸಣ್ಣ ಶಿಲುಬೆ ಎಳೆದರೆ ಸಾಕು. ಹಚ್ಚುವಾಗ ಹೇಳಲು ಎರಡು ವಾಕ್ಯಗಳಿವೆ. ಮಣ್ಣಿನಿಂದ ಬಂದವನು ಮಣ್ಣಿಗೇ ಮರಳುವನೆಂಬ ಆದಿಕಾಂಡದ ಮಾತು ಒಂದು. ಪಶ್ಚಾತ್ತಾಪಪಟ್ಟು ಶುಭಸಂದೇಶದಲ್ಲಿ ವಿಶ್ವಾಸವಿಡಬೇಕೆಂಬ ಮಾರ್ಕನ ಶುಭಸಂದೇಶದ ಮಾತು ಇನ್ನೊಂದು. ಪುಟ್ಟ ಮಕ್ಕಳಿಗೆ ಎರಡನೆಯದೇ ತಕ್ಕುದೆಂಬುದು ನನ್ನ ಅಭಿಪ್ರಾಯ.

ಆ ದಿನದ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು. ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ, ನಿಮ್ಮ ಉಪವಾಸ ಜನರಿಗೆ ಕಾಣದಿರಲಿ ಎಂದು ಯೇಸುಸ್ವಾಮಿ ಹೇಳುವ ಭಾಗ. ಒಮ್ಮೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿ, ‘ಹಾಗಾದರೆ ಈಗ ಮುಖಕ್ಕೆ ಯಾಕೆ ಬೂದಿ ಹಚ್ಚುತ್ತೀರಿ, ಫಾದರ್?’ ಎಂದು ಕೇಳಿದಳು. ಗುರುಗಳು ನಕ್ಕು, ‘ಎಲ್ಲರೂ ಹಚ್ಚಿಕೊಂಡರೆ ಯಾರು ದೊಡ್ಡವರು ಅಂತ ತೋರಿಸಿಕೊಳ್ಳೋಕೆ ಆಗಲ್ಲ, ಅಲ್ವಾ ಮಗು?’ ಎಂದರು. ಇಂಥ ಪ್ರಶ್ನೆಗೆ ಸಮಯ ಸಿಗುವಂತೆ ವಿಧಿಯನ್ನು ಅವಸರವಿಲ್ಲದೆ ಯೋಜಿಸಿ.

4. ತರಗತಿಯ ಮೂಲೆ

ನೇರಳೆ ಬಣ್ಣದ ಬಟ್ಟೆ ಹಾಸಿದ ಒಂದು ಸಣ್ಣ ಮೇಜು, ಶಿಲುಬೆ, ತೆರೆದ ಬೈಬಲ್, ಎಲೆಯಿಲ್ಲದ ಒಂದು ಕೊಂಬೆ, ಇಷ್ಟು ಸಾಕು. ಈ ಕಾಲದಲ್ಲಿ ಅಲಂಕಾರ ಕಡಿಮೆಯಿದ್ದಷ್ಟೂ ಮಕ್ಕಳು ಅದನ್ನು ಹೆಚ್ಚು ಗಮನಿಸುತ್ತಾರೆ. ಮೌನದ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು: ಒಂದನೇ ತರಗತಿಗೆ ಮೊದಲ ವಾರ ಹದಿನೈದು ಸೆಕೆಂಡು, ಆಮೇಲೆ ವಾರವಾರವೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದರೆ ಕೊನೆಯ ವಾರಕ್ಕೆ ಒಂದು ನಿಮಿಷ ತಲುಪಬಹುದು.

5. ಉಪವಾಸವನ್ನು ಮಕ್ಕಳ ಅಳತೆಗೆ ತರುವುದು

ಇಲ್ಲಿ ನಿಯಮವನ್ನು ಸರಿಯಾಗಿ ತಿಳಿದುಕೊಳ್ಳಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1252ನೇ ನಿಯಮದ ಪ್ರಕಾರ ಮಾಂಸವರ್ಜನೆ ಅನ್ವಯಿಸುವುದು 14 ವರ್ಷ ತುಂಬಿದವರಿಗೆ. ಉಪವಾಸ ಅನ್ವಯಿಸುವುದು 18 ತುಂಬಿದವರಿಂದ 59 ತುಂಬುವವರೆಗೆ. ಪ್ರಾಥಮಿಕ ಶಾಲೆಯ ಯಾವ ಮಗುವಿಗೂ ಇವೆರಡೂ ಕಡ್ಡಾಯವಲ್ಲ. ಅದೇ ನಿಯಮ ಮುಂದುವರಿದು, ವಯಸ್ಸಿನ ಕಾರಣದಿಂದ ಇದಕ್ಕೆ ಒಳಪಡದ ಮಕ್ಕಳಿಗೂ ಪಶ್ಚಾತ್ತಾಪದ ನಿಜವಾದ ಅರ್ಥವನ್ನು ಕಲಿಸುವ ಹೊಣೆ ಗುರುಗಳ ಮತ್ತು ಹೆತ್ತವರ ಮೇಲಿದೆಯೆಂದು ಹೇಳುತ್ತದೆ. ಆದ್ದರಿಂದ ಬೆಳೆಯುವ ಮಕ್ಕಳಿಗೆ ಊಟ ಬಿಡಲು ಹೇಳುವುದು, ಖಾಲಿ ಡಬ್ಬಿ ತಂದ ಮಗುವನ್ನು ಸಭೆಯಲ್ಲಿ ಹೊಗಳುವುದು, ಇವೆರಡನ್ನೂ ಖಡಾಖಂಡಿತವಾಗಿ ದೂರವಿಡಿ. ಅಡುಗೆಮನೆ ಇರುವ ಶಾಲೆಗಳು ಶುಕ್ರವಾರಗಳಂದು ಮಾಂಸವಿಲ್ಲದ ಊಟ ಬಡಿಸಿದರೆ ಸಾಕು. ಶುಕ್ರವಾರದ ನಿಯಮವನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ಬೇರೆ ರೀತಿಯಲ್ಲಿ ಗೊತ್ತುಪಡಿಸಿರುವುದೂ ಉಂಟು, ಅದನ್ನು ಧರ್ಮಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಮಕ್ಕಳ ತ್ಯಾಗ ಆಹಾರದಲ್ಲೇ ಇರಬೇಕೆಂದಿಲ್ಲ. ಸಾಲಿನಲ್ಲಿ ಮುಂದೆ ನುಗ್ಗದಿರುವುದು, ಅಡ್ಡಹೆಸರಿಟ್ಟು ಕರೆಯದಿರುವುದು, ಆಟಕ್ಕೆ ಯಾರೂ ಸೇರಿಸಿಕೊಳ್ಳದವರನ್ನು ಮೊದಲು ಕರೆಯುವುದು. ಇವು ಸಿಹಿ ಬಿಡುವುದಕ್ಕಿಂತ ಎಷ್ಟೋ ಕಷ್ಟವೆಂದು ಮಕ್ಕಳೇ ಹೇಳುತ್ತಾರೆ. ಪ್ರತಿ ಮಗುವೂ ತನ್ನ ತೀರ್ಮಾನವನ್ನು ಚೀಟಿಯಲ್ಲಿ ಬರೆದು, ಮಡಿಸಿ, ಒಣಕೊಂಬೆಗೆ ಕಟ್ಟಲಿ. ಆ ಚೀಟಿಯನ್ನು ಶಿಕ್ಷಕರೂ ಬಿಚ್ಚಿ ಓದಬಾರದು. ಇನ್ನು, ತಪಸ್ಸುಕಾಲದಲ್ಲಿ ಹುಟ್ಟುಹಬ್ಬ ಬಂದರೆ ಸಿಹಿ ಹಂಚಬಹುದೇ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಹಂಚಲಿ ಬಿಡಿ, ಆ ಮಗುವಿನ ಸಂತೋಷದಲ್ಲಿ ಪಾಲುಗೊಳ್ಳುವುದೂ ಸಮುದಾಯದ ಬದುಕೇ.

6. ದಾನದ ಡಬ್ಬಿ

ಇಡೀ ತಪಸ್ಸುಕಾಲದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ನಾನು ಹತ್ತಿರದಿಂದ ಕಂಡ ಶಾಲೆಯೊಂದರಲ್ಲಿ, ಪ್ರತಿ ತರಗತಿ ಎಷ್ಟು ಹಣ ಕೂಡಿಸಿತೆಂದು ತೋರಿಸುವ ಪಟ್ಟಿಯನ್ನು ಸಭಾಂಗಣದ ಗೋಡೆಗೆ ಅಂಟಿಸಿದ್ದರು; ವಾರವಾರವೂ ಮುಂದಿದ್ದ ತರಗತಿಗೆ ಚಿನ್ನದ ಬಣ್ಣದ ನಕ್ಷತ್ರ. ಅದನ್ನು ಮಾಡಿಸಿದವರಲ್ಲಿ ನಾನೂ ಒಬ್ಬ. ಎರಡನೆಯ ಸೋಮವಾರ ಮೂರನೇ ತರಗತಿಯ ಹುಡುಗನೊಬ್ಬ ಡಬ್ಬಿಯ ಬಳಿ ಬಂದು, ಮುಚ್ಚಿದ ಮುಷ್ಟಿಯನ್ನು ಸೀಳಿನ ಮೇಲಿಟ್ಟು, ಬೆರಳುಗಳನ್ನು ಬಿಚ್ಚಿದಂತೆ ಮಾಡಿ, ಸದ್ದು ಬರಲೆಂದು ಡಬ್ಬಿಯನ್ನೊಮ್ಮೆ ತಟ್ಟಿ ಹೋದ. ಮುಷ್ಟಿಯಲ್ಲಿ ಏನೂ ಇರಲಿಲ್ಲ. ಆ ಸಂಜೆಯೇ ಪಟ್ಟಿಯನ್ನು ಗೋಡೆಯಿಂದ ಕಿತ್ತೆವು.

ಆ ಬಳಿಕ ನಾವು ಪಾಲಿಸಿದ ಕ್ರಮ ಇದು. ಡಬ್ಬಿ ತರಗತಿಯಲ್ಲಿ ಇರುವುದಿಲ್ಲ; ಪ್ರಾರ್ಥನಾಲಯದ ಬಾಗಿಲ ಬಳಿ, ಯಾರ ಕಾವಲೂ ಇಲ್ಲದಂತೆ, ಆದರೆ ಗೋಡೆಗೆ ಭದ್ರವಾಗಿ ಬಿಗಿದು ಇಡೀ ಶಾಲೆಗೆ ಒಂದೇ ಡಬ್ಬಿ. ಅದರಲ್ಲಿ ಹಣವನ್ನೂ ಹಾಕಬಹುದು, ಮಾಡಿದ ಸಹಾಯವನ್ನು ಬರೆದ ಚೀಟಿಯನ್ನೂ ಹಾಕಬಹುದು. ಹೊರಗಿನಿಂದ ನೋಡುವವರಿಗೆ ಎರಡರ ವ್ಯತ್ಯಾಸ ತಿಳಿಯದಂತೆ ಎಲ್ಲರಿಗೂ ಒಂದೇ ಬಗೆಯ ಸಣ್ಣ ಲಕೋಟೆ ಕೊಟ್ಟಿರುತ್ತೇವೆ. ಲಕೋಟೆಯ ಮೇಲೆ ಹೆಸರಿಲ್ಲ, ತರಗತಿಯಿಲ್ಲ, ಕನಿಷ್ಠ ಮೊತ್ತವಂತೂ ಇಲ್ಲವೇ ಇಲ್ಲ. ಪ್ರತಿ ಶುಕ್ರವಾರ ಇಬ್ಬರು ದೊಡ್ಡವರು ಒಟ್ಟಿಗೆ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಅಂದೇ ಹಣವನ್ನು ಕಚೇರಿಯ ತಿಜೋರಿಗೆ ಸೇರಿಸುತ್ತಾರೆ. ಒಟ್ಟು ಮೊತ್ತವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಪ್ರಕಟಿಸಿ, ಅದು ಯಾರಿಗೆ ತಲುಪಿತೆಂಬ ಪತ್ರವನ್ನು ಪೋಷಕರಿಗೆ ಕಳುಹಿಸಲಾಗುತ್ತದೆ.

ಹಣ ಯಾರಿಗೆಂಬುದನ್ನು ಬೂದಿ ಬುಧವಾರಕ್ಕೆ ಮುಂಚೆಯೇ ನಿರ್ಧರಿಸಿರಬೇಕು. ಮಕ್ಕಳಿಗೆ ತೋರಿಸುವ ಚಿತ್ರಗಳಲ್ಲಿ ದೀನ ಮುಖಗಳನ್ನೇ ಆರಿಸಿ ಕನಿಕರ ಹುಟ್ಟಿಸುವುದು ಸಲ್ಲದು. ನೆರವು ಪಡೆಯುವ ಮನೆ ನಿಮ್ಮದೇ ಶಾಲೆಯ ಬೆಂಚಿನಲ್ಲಿ ಕುಳಿತ ಮಗುವಿನದೂ ಆಗಿರಬಹುದು. ಅಂಥ ಮನೆಗಳಿಗೆ ಸಲ್ಲಬೇಕಾದದ್ದು ಮುಖ್ಯೋಪಾಧ್ಯಾಯರ ಮತ್ತು ಗುರುಗಳ ಮೂಲಕ, ಮಕ್ಕಳ ಕಿವಿಗೆ ಬೀಳದಂತೆ ಸಲ್ಲಲಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಗಾದೆಮಾತಿಗೂ ಬೂದಿ ಬುಧವಾರದ ವಾಚನಕ್ಕೂ ಏನೂ ದೂರವಿಲ್ಲ.

7. ಮಕ್ಕಳು ನಡೆಸುವ ಶಿಲುಬೆಯ ಹಾದಿ

ಯೇಸುವಿನ ಕೊನೆಯ ಯಾತನೆಯ ಘಟನೆಗಳನ್ನು ಒಂದೊಂದು ನಿಲುಗಡೆಯಲ್ಲಿ ಧ್ಯಾನಿಸುವ ಶಿಲುಬೆಯ ಹಾದಿಗೆ 14 ಸ್ಥಳಗಳು. ಆರೇಳು ವರ್ಷದ ಮಕ್ಕಳಿಗೆ ಅಷ್ಟೂ ಸ್ಥಳಗಳಲ್ಲಿ ಮೊಣಕಾಲೂರುವುದು ಪ್ರಾರ್ಥನೆಯಾಗುವುದಿಲ್ಲ, ಸಹನೆಯ ಪರೀಕ್ಷೆಯಾಗುತ್ತದೆ. ಕಿರಿಯರಿಗೆ ಐದು ಸ್ಥಳಗಳನ್ನು ಆಯ್ದುಕೊಳ್ಳಿ: ಯೇಸು ಶಿಲುಬೆಯನ್ನು ಹೊರುವುದು (2), ತಾಯಿಯನ್ನು ಸಂಧಿಸುವುದು (4), ಸಿರೇನ್ಯದ ಸಿಮೋನ ಹೆಗಲು ಕೊಡುವುದು (5), ವೆರೋನಿಕ ಮುಖ ಒರೆಸುವುದು (6), ಯೇಸುವಿನ ಮರಣ (12). ನಡುವಿನ ಮೂರೂ ಯಾರಾದರೊಬ್ಬರು ಹತ್ತಿರ ಬಂದು ನಿಂತ ಸ್ಥಳಗಳೆಂಬುದನ್ನು ಮಕ್ಕಳು ತಾವಾಗಿಯೇ ಗುರುತಿಸಿದರೆ ಅಂದಿನ ಪಾಠ ಮುಗಿಯಿತು. ಮೇಲಿನ ತರಗತಿಗಳು 14 ಸ್ಥಳಗಳನ್ನೂ ಹಂಚಿಕೊಂಡು, ಪ್ರತಿ ಸ್ಥಳಕ್ಕೆ ಎರಡು ಮೂರು ವಾಕ್ಯಗಳ ಪ್ರಾರ್ಥನೆಯನ್ನು ತಾವೇ ಬರೆಯಲಿ. ಬರೆದದ್ದರ ವ್ಯಾಕರಣವನ್ನು ತಿದ್ದಿ, ಭಾವವನ್ನು ತಿದ್ದಬೇಡಿ.

ಒಂದೇ ಕೋಣೆಯಲ್ಲಿ ಕೂರುವ ಬದಲು ಕಾರಿಡಾರು, ಮೆಟ್ಟಿಲು, ಆಟದ ಅಂಗಳಗಳಲ್ಲಿ ಚಿತ್ರಗಳನ್ನು ತೂಗುಹಾಕಿ ನಡೆಯಿರಿ. ದಿನವೂ ಜಗಳ ನಡೆಯುವ ನಲ್ಲಿಯ ಪಕ್ಕದಲ್ಲಿ ಐದನೆಯ ಸ್ಥಳವಿದ್ದರೆ ಅದಕ್ಕೊಂದು ಬೇರೆಯೇ ಅರ್ಥ ಬರುತ್ತದೆ. ಚಾಟಿ, ರಕ್ತ, ಮೊಳೆಗಳ ಅಭಿನಯ ಬೇಡ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿದ್ದರೆ ಆ ಮಗುವಿಗೆ 12ನೇ ಸ್ಥಳದ ವಾಚನವನ್ನು ವಹಿಸಬೇಡಿ, ಹತ್ತಿರ ಒಬ್ಬ ಶಿಕ್ಷಕಿ ನಿಂತಿರಲಿ. ಯೇಸುವನ್ನು ಕೊಂದವರು ‘ಯೆಹೂದ್ಯರು’ ಎಂದು ಇಡೀ ಜನಾಂಗವನ್ನೇ ದೂರುವ ಹಳೆಯ ಪಠ್ಯ ಯಾವುದಾದರೂ ಕೈಗೆ ಸಿಕ್ಕರೆ ಅದನ್ನು ಬಳಸಬೇಡಿ. 1965ರಲ್ಲೇ ವ್ಯಾಟಿಕನ್ ಮಹಾಸಭೆ ಆ ಆರೋಪವನ್ನು ತಳ್ಳಿಹಾಕಿದೆ.

8. ಪಾಪನಿವೇದನೆ ಮತ್ತು ಶಾಲೆಯ ಬಲಿಪೂಜೆ

ಪಾಪನಿವೇದನೆಯನ್ನು ನಾಲ್ಕನೆಯ ಅಥವಾ ಐದನೆಯ ವಾರಕ್ಕೆ ಇಟ್ಟುಕೊಳ್ಳಿ. ಅದಕ್ಕೆ ಮೊದಲು ಇಡೀ ಶಾಲೆ ಸೇರಿ ಒಂದು ಪಶ್ಚಾತ್ತಾಪದ ವಿಧಿ ನಡೆಸಿದರೆ, ಪಾಪನಿವೇದನೆಯ ಸಂಸ್ಕಾರ ಪಡೆಯದ ಮಕ್ಕಳಿಗೂ ಅದರಲ್ಲಿ ಪಾಲಿರುತ್ತದೆ. ಆ ವಿಧಿಯಲ್ಲಿ ದೊಡ್ಡವರೂ ಕ್ಷಮೆ ಕೇಳಬೇಕು. ಸಿಟ್ಟಿನಲ್ಲಿ ಅನ್ಯಾಯವಾಗಿ ಗದರಿಸಿದ್ದಕ್ಕೆ ಶಿಕ್ಷಕರು ತರಗತಿಯ ಮುಂದೆ ‘ತಪ್ಪಾಯಿತು’ ಎಂದರೆ ಅವರ ಮರ್ಯಾದೆಗೆ ಕುಂದೇನೂ ಬರುವುದಿಲ್ಲ. ಪಾಪನಿವೇದನೆಯ ಕುರ್ಚಿಗಳನ್ನು ಎಲ್ಲರ ಕಣ್ಣಿಗೆ ಕಾಣುವ, ಆದರೆ ಯಾರ ಕಿವಿಗೂ ಕೇಳಿಸದ ಜಾಗದಲ್ಲಿ ಹಾಕಿ. ಮಗು ಏನು ಹೇಳಿತೆಂದು ಶಿಕ್ಷಕರಾಗಲಿ ಹೆತ್ತವರಾಗಲಿ ಎಂದೂ ಕೇಳಕೂಡದು. ಸಾಲಿನಲ್ಲಿ ಬಹಳ ಹೊತ್ತು ಕಾಯಿಸುವುದಕ್ಕಿಂತ ಆರಾರು ಮಕ್ಕಳಂತೆ ಕಳುಹಿಸಿ.

ಬಲಿಪೂಜೆಗೆ 1973ರಲ್ಲಿ ಪ್ರಕಟವಾದ ಮಕ್ಕಳ ಬಲಿಪೂಜೆಯ ಮಾರ್ಗಸೂಚಿ ಒಳ್ಳೆಯ ಆಧಾರ. ವಾಚನಗಳು ಮಕ್ಕಳಿಗೆ ಕಠಿಣವಾದರೆ ಕಡಿಮೆ ಮಾಡಿಕೊಳ್ಳಲು ಅದು ಅವಕಾಶ ಕೊಡುತ್ತದೆ, ಆದರೆ ಶುಭಸಂದೇಶವನ್ನು ಮಾತ್ರ ಎಂದಿಗೂ ಬಿಡುವಂತಿಲ್ಲ. ಪ್ರಬೋಧನೆ ಮಕ್ಕಳೊಂದಿಗಿನ ಸಂಭಾಷಣೆಯ ರೂಪದಲ್ಲೂ ಇರಬಹುದು. ಹಾಡಿನ ತಂಡಕ್ಕೆ ಮುಂಚೆಯೇ ಹೇಳಿಡಿ: ಅಲ್ಲೆಲೂಯ ಇಲ್ಲ, ವಾದ್ಯಗಳು ಹಾಡಿಗೆ ಆಸರೆಯಾಗುವಷ್ಟು ಮಾತ್ರ.

9. ಕೊನೆಯ ವಾರ, ಮತ್ತು ರಜೆಯ ನಂತರ

ಪವಿತ್ರ ವಾರಕ್ಕೆ ರಜೆ ಇದ್ದರೆ ಗರಿಗಳ ಭಾನುವಾರದಿಂದ ಪುನರುತ್ಥಾನದವರೆಗೆ ಎಲ್ಲವನ್ನೂ ಹಿಂದಿನ ಶುಕ್ರವಾರವೇ ಆಡಿ ಮುಗಿಸುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಶಾಲೆ ಶಿಲುಬೆಯ ಹಾದಿಯಲ್ಲೇ ನಿಲ್ಲಲಿ, ಉಳಿದದ್ದನ್ನು ಮಕ್ಕಳು ತಮ್ಮ ಮನೆಯವರೊಂದಿಗೆ ಧರ್ಮಕೇಂದ್ರದಲ್ಲಿ ಕಾಣಲಿ. ಪವಿತ್ರ ವಾರದ ವೇಳಾಪಟ್ಟಿಯನ್ನು ಕೊನೆಯ ದಿನ ಪ್ರತಿ ಮಗುವಿನ ಚೀಲದಲ್ಲಿಟ್ಟು ಕಳುಹಿಸಿ. ಕೊಂಬೆಯ ಚೀಟಿಗಳನ್ನು ಅಂದೇ, ಬಿಚ್ಚದೆ, ಸುಟ್ಟುಬಿಡಿ.

ಪಾಸ್ಕ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ ನಡೆಯುವುದರಿಂದ, ರಜೆ ಮುಗಿದು ಬಾಗಿಲು ತೆರೆದ ದಿನ ಹಬ್ಬ ಇನ್ನೂ ನಡೆದೇ ಇರುತ್ತದೆ. ಅಂದು ನೇರಳೆ ಬಟ್ಟೆಗಳ ಜಾಗದಲ್ಲಿ ಬಿಳಿ ಬಟ್ಟೆ ಹಾಸಿ, ಒಣಕೊಂಬೆಗೆ ಹೂ ಕಟ್ಟಿ, ಮೊದಲ ಗಂಟೆಗೆ ಎಲ್ಲರನ್ನೂ ಅಲ್ಲೆಲೂಯದ ಪೆಟ್ಟಿಗೆ ಹೂತ ಅಂಗಳದ ಮೂಲೆಗೆ ಕರೆದೊಯ್ಯಿರಿ. ಅಗೆಯುವ ಕೆಲಸ ಶಾಲೆಯ ಅತ್ಯಂತ ಕಿರಿಯ ತರಗತಿಯದಾಗಿರಲಿ. ಹೂತ ಜಾಗಕ್ಕೆ ಗುರುತಿನ ಕಲ್ಲು ಇಟ್ಟಿರದಿದ್ದರೆ ಅರ್ಧ ಗಂಟೆ ಹುಡುಕಬೇಕಾದೀತು, ಅದಕ್ಕೂ ವೇಳಾಪಟ್ಟಿಯಲ್ಲಿ ಜಾಗ ಬಿಟ್ಟಿರಿ.